ಕುಣಿಯುತ್ತ ಕೂಡಿದ ಪರಿಷತ್ತು

ವಿಲಾಕೋಟ ವಿಶ್ವವಿದ್ಯಾಲಯದ ದೊಡ್ಡ ಬಾಗಿಲಿಗೆ ಸರಪಳಿ ಬಿದ್ದಿತ್ತು, ಸರಪಳಿಗೆ ಬೀಗ ಬಿದ್ದಿತ್ತು, ಬೀಗದ ಕೆಳಗೆ ಒಂದು ಕೆಂಚು ನಾಯಿ ಬಿದ್ದುಕೊಂಡಿತ್ತು. ಕಟ್ಟಡವನ್ನು ವಶಪಡಿಸಿಕೊಂಡ ವಿದ್ಯಾರ್ಥಿ ವೀರರಲ್ಲಿ ಕಾವಲಿಗೆ ಉಳಿದಿದ್ದುದು ಅದೊಂದೇ. ಮಿಕ್ಕವರೆಲ್ಲ ಬೆಳಕು ಹರಿಯುತ್ತಲೇ ಬಣ್ಣದ ಬಟ್ಟೆ ತೊಟ್ಟು ಊರು ಕಾಯುವ ಕಾರ್ಮೆನ್ ತಾಯಿಯ ಮೆರವಣಿಗೆಯಲ್ಲಿ ಕುಣಿಯಲು ಹೋಗಿಬಿಟ್ಟಿದ್ದರು.

ಕುಲಪತಿ ಒರ್ತೆನ್ಸಿಯಾ ಅರುಕಿಪಾ ಆ ಬೀಗವನ್ನೇ ನೋಡುತ್ತ ನಿಂತಿದ್ದಳು. ಅವಳೂ ಕುಣಿತದ ಉಡುಪಿನಲ್ಲೇ ಇದ್ದಳು: ಲಂಗದ ಮೇಲೆ ಲಂಗ, ಅದರ ಮೇಲೆ ಜರಿಯಂಚಿನ ಇನ್ನೊಂದು ಲಂಗ, ಹೆಗಲ ಮೇಲೆ ಗೊಂಡೆಯ ಶಾಲು, ತಲೆಯ ಮೇಲೆ, ಯಾವ ಗಳಿಗೆಯಲ್ಲಾದರೂ ರಾಜೀನಾಮೆ ಕೊಟ್ಟೇನು ಎಂಬಂತೆ ಕೂತಿದ್ದ ದುಂಡು ಟೋಪಿ. ತಾಯಿಯ ಹಬ್ಬದ ದಿನ ವಿಶ್ವವಿದ್ಯಾಲಯವೇ ಬೀದಿಗಿಳಿದು ಕುಣಿಯುವುದು ಆ ಊರಿನ ವಾಡಿಕೆ, ಎಲ್ಲರಿಗಿಂತ ಮುಂದೆ ಕುಲಪತಿ ಕುಣಿಯಬೇಕಾದ್ದು ಕಡ್ಡಾಯ. ಹೋದ ಸಲದ ಕುಲಪತಿ ಸೊಂಟನೋವೆಂದು ಕಾರಿನಲ್ಲಿ ಕೂತು ಕೈಬೀಸಿದ್ದಕ್ಕೆ, ಮುಂದಿನ ಚುನಾವಣೆಯಲ್ಲಿ ಕುರ್ಚಿಯನ್ನೂ ಕಾರನ್ನೂ ಒಟ್ಟಿಗೇ ಕಳಕೊಂಡಿದ್ದ.

"ಒಡೆದುಬಿಡೋಣ್ವಾ, ಡಾಕ್ಟ್ರಮ್ಮ?" ಎಂದ ಪಕ್ಕದಲ್ಲಿದ್ದ ದೋನ್ ಪ್ಲಾಸಿದೊ. ಅವನು ಕುಲಸಚಿವ, ಮೂವರು ಕುಲಪತಿಗಳನ್ನು ಬರಮಾಡಿಕೊಂಡು ಮೂವರನ್ನೂ ಬೀಳ್ಕೊಟ್ಟವನು. ಒಂದು ಕೈಯಲ್ಲಿ ಸಭೆಯ ಹಿತ್ತಾಳೆ ಗಂಟೆ ಹಿಡಿದಿದ್ದ, ಇನ್ನೊಂದರಲ್ಲಿ ಅರ್ಧ ತಿಂದ ಸಾಲ್ತೆನ್ಯಾ ಕಡುಬು. ಅದರ ರಸ ಮೊಳಕೈವರೆಗೆ ಇಳಿದಿತ್ತು.

"ಒಡೆದ್ರೆ?"

"ಒಡೆದ್ರೆ ಒಳಗೆ ಹೋಗಬಹುದು."

"ಆಮೇಲೆ?"

"ಆಮೇಲೆ ಹೊರಗೆ ಹೋಗಬಹುದು. ಮನೆಗೆ. ಶಾಶ್ವತವಾಗಿ."

ಅದು ನಿಜವಾಗಿತ್ತು. ವಿದ್ಯಾರ್ಥಿಗಳು ಹಾಕಿದ ಬೀಗವನ್ನು ಒಡೆದ ಕುಲಪತಿ ಆ ಊರಿನಲ್ಲಿ ಸಂಜೆಯ ದೀಪ ಕಂಡದ್ದಿಲ್ಲ. ಆದರೆ ಆವತ್ತು ಸಂಜೆಯೊಳಗೆ ಒರ್ತೆನ್ಸಿಯಾಗೆ ಪರಿಷತ್ತಿನ ಠರಾವೊಂದು ಬೇಕಿತ್ತು. ಪರಿಷತ್ತು ವಿಶ್ವವಿದ್ಯಾಲಯದ ಆವರಣದೊಳಗೇ ಕೂಡಬೇಕು, ಹೊರಗೆ ಕೂಡಿದರೆ ಅದು ಬರೀ ಹರಟೆ. ಆವರಣಕ್ಕೆ ಬೀಗ.

ಠರಾವು ಉಮಾಪಾಲ್ಕಾದ ಬಗ್ಗೆ. ಬೆಟ್ಟದಾಚೆಯ ಆ ಹಳ್ಳಿಯಲ್ಲಿ ಆರೋಗ್ಯ ಇಲಾಖೆ ಗಾಜಿನ ಕಿಟಕಿಗಳ ಚೆಂದದ ಕಟ್ಟಡವೊಂದನ್ನು ಕಟ್ಟಿಸಿತ್ತು. ವೈದ್ಯರು ಯಾರೂ ಬಾರದೆ ಅದು ಖಾಲಿ ಬಿದ್ದಿತ್ತು. ವಿಶ್ವವಿದ್ಯಾಲಯ ಒಪ್ಪಿದರೆ ಅಲ್ಲಿ ದಾದಿಯರ ಮತ್ತು ಸೂಲಗಿತ್ತಿಯರ ಶಾಲೆ. ಇವತ್ತು ಸೂರ್ಯ ಮುಳುಗುವುದರೊಳಗೆ ಒಪ್ಪದಿದ್ದರೆ, ನಾಳೆಯಿಂದ ರಸ್ತೆ ಇಲಾಖೆಯವರ ರೋಲರುಗಳು ನಿಲ್ಲುವ ಕೊಟ್ಟಿಗೆ. ಒಪ್ಪಿಗೆ ಪತ್ರ ಕೈಗೆ ತೆಗೆದುಕೊಂಡು ಹೋಗಲೆಂದು ಇಲಾಖೆಯ ಅಧಿಕಾರಿ ಎದ್ಮುಂದೊ ತಾಪಿಯಾ ಬೆಳಗಿನ ಬಸ್ಸಿಗೇ ಬಂದಿಳಿದಿದ್ದ. ಸಂಜೆ ಬಸ್ಸಿಗೆ ಮರಳಬೇಕು. ಚೀಲವನ್ನು ಎದೆಗವಚಿಕೊಂಡು, ನಾಯಿಗೆ ಹೆದರಿ, ದೂರದ ಕಂಬದ ಮರೆಯಲ್ಲಿ ನಿಂತಿದ್ದ.

ಒರ್ತೆನ್ಸಿಯಾ ಹುಟ್ಟಿದ್ದೇ ಉಮಾಪಾಲ್ಕಾದಿಂದ ಊರಿಗೆ ಬರುವ ಆಲೂಗಡ್ಡೆ ಲಾರಿಯಲ್ಲಿ. ಸೂಲಗಿತ್ತಿಯ ಕೆಲಸ ಮಾಡಿದವನು ಡ್ರೈವರು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡೇ ಮಾಡಿದನಂತೆ. "ಇವಳನ್ನ ಎತ್ಕೋತೀನಿ ಅಂತ ಮೊದಲು ಒಂದು ಆಲೂಗಡ್ಡೆ ಎತ್ತಿ ನನ್ನ ಕೈಗೆ ಕೊಟ್ಟ" ಎಂದು ಅವಳ ತಾಯಿ ಕಡೆಗಾಲದವರೆಗೂ ಹೇಳಿ ನಗುತ್ತಿದ್ದಳು. ಆದರೆ ಆ ಲಾರಿ ಎಲ್ಲ ಹೆಂಗಸರ ಮೇಲೂ ಅಷ್ಟು ದಯೆ ತೋರಿರಲಿಲ್ಲ. ಅದನ್ನು ಒರ್ತೆನ್ಸಿಯಾ ಯಾರಿಗೂ ಭಾಷಣ ಮಾಡಿ ಹೇಳಿರಲಿಲ್ಲ. ಚುನಾವಣೆಗೆ ನಿಂತಾಗ ಉಮಾಪಾಲ್ಕಾದ ಹೆಸರೊಂದನ್ನೇ ಹೇಳಿದ್ದಳು.

ಗೆದ್ದ ಮೇಲೆ ತಿಳಿಯಿತು, ಕುಲಪತಿಯ ದಿನಚರಿಯಲ್ಲಿ ಉಮಾಪಾಲ್ಕಾಗೆ ಪುರುಸೊತ್ತೇ ಇಲ್ಲವೆಂದು. ಗಣಿ ವಿಭಾಗದವರಿಗೆ ಕಿಟಕಿ ಬೇಕು, ಖಗೋಳದವರಿಗೆ ಇರುವ ಕಿಟಕಿ ಬೇಡ. ಸಂಗೀತ ವಿಭಾಗದ ಸದ್ದಿಗೆ ಮನಶ್ಶಾಸ್ತ್ರದವರಿಗೆ ಮನಶ್ಶಾಂತಿ ಇಲ್ಲ. ಕುಲಪತಿಯಾಗುವ ಮುಂಚೆ ಗ್ರಂಥಾಲಯದ ಅರ್ಧ ಓದಿದ್ದ ಅವಳು, ಆದ ಮೇಲೆ ಪೂರ್ತಿ ಓದಿದ ಪುಸ್ತಕವೆಂದರೆ ಲಿಫ್ಟು ರಿಪೇರಿಯ ಕೈಪಿಡಿ. ಎಲ್ಲಕ್ಕೂ ಮೇಲೆ ಈಗ ಈ ಕಡಲೆಕಾಯಿ ಸಾರು.

ವಿದ್ಯಾರ್ಥಿಗಳು ಕಟ್ಟಡ ಹಿಡಿದದ್ದೇ ಅದಕ್ಕೆ. ಭೋಜನಶಾಲೆಯಲ್ಲಿ ಗುರುವಾರದ ಕಡಲೆಕಾಯಿ ಸಾರನ್ನು ನಿಲ್ಲಿಸಿ, ಪೊಟ್ಟಣದ ಪುಡಿಯಲ್ಲಿ ಕಲಸಿದ ಹಳದಿ ನೀರು ಬಡಿಸಿದ್ದರು. ಸಾರು ವಾಪಸು ಬರಲಿ ಎಂಬ ಬೇಡಿಕೆಗೆ ಒರ್ತೆನ್ಸಿಯಾ ನಿಂತ ಕಾಲ ಮೇಲೆ ಒಪ್ಪಿದ್ದಳು. ಆದರೆ ಅಡುಗೆಯ ಪಟ್ಟಿ ಬದಲಾಗಬೇಕಾದರೂ ಪರಿಷತ್ತಿನ ಠರಾವು ಬೇಕು. ಸಭಾಂಗಣ ಬಿಡದೆ ಪರಿಷತ್ತು ಸೇರುವಂತಿಲ್ಲ. ಪರಿಷತ್ತು ಸೇರಿ ಸಾರು ಮಂಜೂರಾಗದೆ ಸಭಾಂಗಣ ಬಿಡುವಂತಿಲ್ಲ. ಹಾವು ತನ್ನ ಬಾಲವನ್ನೇ ನುಂಗುತ್ತ, ಊಟ ಯಾಕೆ ಮುಗಿಯುತ್ತಿಲ್ಲವೆಂದು ಯೋಚಿಸಿದ ಹಾಗಾಗಿತ್ತು.

ಅಷ್ಟರಲ್ಲಿ ಮೂಲೆಯಿಂದ ಗಿಲಿಗಿಲಿ ಗೆಜ್ಜೆ ಸದ್ದಾಯಿತು. ವಿದ್ಯಾರ್ಥಿ ಒಕ್ಕೂಟದ ಮುಖ್ಯಸ್ಥೆ ನಾಯ್ರಾ ಕೋಲ್ಕೆ, ಮೊಣಕಾಲುದ್ದದ ಬೂಟು ಹಾಕಿಕೊಂಡು ಓಡಿಬಂದಳು.

"ಡಾಕ್ಟ್ರಮ್ಮ, ಇಲ್ಲೇನ್ ಮಾಡ್ತಿದೀರಿ? ಬ್ಯಾಂಡಿನವರು ಕಾಯ್ತಾ ಇದಾರೆ, ತೂಬಾ ಊದೋನು ಆಗಲೇ ಮೂರನೇ ಬಾಟ್ಲಿ ತೆಗೆದ."

"ನಾಯ್ರಾ, ಬೀಗದ ಕೈ ಎಲ್ಲಮ್ಮ?"

"ಹೋರಾಟ ಸಮಿತಿ ಹತ್ರ."

"ಹೋರಾಟ ಸಮಿತಿ ಎಲ್ಲಿ?"

"ಕರಡಿ ವೇಷದಲ್ಲಿದೆ."

"ಯಾವ ಕರಡಿ?"

ನಾಯ್ರಾಳ ಮುಖ ಸ್ವಲ್ಪ ಸಣ್ಣದಾಯಿತು. "ಅದೇ ನೋಡಿ ತೊಂದ್ರೆ. ಎಂಜಿನಿಯರಿಂಗ್‌ನವರು ಈ ವರ್ಷ ಎಲ್ರೂ ಕರಡಿಗಳೇ. ಬೆಳಗಿಂದ ಕರಡಿ ಕರಡೀನ ಹಿಡಿದು ಕೇಳ್ತಾ ಇದೀನಿ. ಒಬ್ಬ ತಬ್ಬಿಕೊಂಡ, ಇನ್ನೊಬ್ಬ ಮದುವೆಯಾಗ್ತೀಯಾ ಅಂದ, ಬೀಗದ ಕೈ ಮಾತ್ರ ಯಾರೂ ಕೊಡ್ಲಿಲ್ಲ."

"ಉಮಾಪಾಲ್ಕಾ ಠರಾವಿಗೆ ನಿಮ್ಮೋರ ಬೆಂಬಲ ಇದೆ ಅಂದಿದ್ಯಲ್ಲ."

"ಇದೆಯಲ್ಲ! ನಾವೆಲ್ರೂ ಕೈ ಎತ್ತೋರೇ. ಆದ್ರೆ ಜಗಳ ಜಗಳವೇ, ಡಾಕ್ಟ್ರಮ್ಮ. ಸಾರು ಬರೋವರೆಗೆ ಬೀಗ ಬೀಗವೇ. ಹೇಗೂ ಬೀಗ ತೆಗೆದ್ರೂ ಡೀನ್‌ಗಳು ಬರಬೇಕಲ್ಲ?"

ಹುಡುಗಿ ಹುಣ್ಣಿನ ಮೇಲೇ ಬೆರಳಿಟ್ಟಿದ್ದಳು. ಪರಿಷತ್ತಿನಲ್ಲಿ ಅರ್ಧ ವಿದ್ಯಾರ್ಥಿಗಳು, ಅರ್ಧ ಅಧ್ಯಾಪಕರು. ಸಭೆ ಸಭೆಯೆನಿಸಬೇಕಾದರೆ ಅರ್ಧಕ್ಕಿಂತ ಹೆಚ್ಚು ಮಂದಿ ಇರಬೇಕು, ಅವರೊಳಗೆ ಒಬ್ಬ ಡೀನಾದರೂ ಇರಬೇಕು. ಡೀನ್‌ಗಳೆಲ್ಲ ಕಾನೂನು ವಿಭಾಗದ ಡೀನ್ ಫುಲ್ಹೆನ್ಸಿಯೊ ಬಾರಿಯೆಂತೊಸ್‌ನ ಬೆನ್ನಿಗಿದ್ದರು. ಉಮಾಪಾಲ್ಕಾ ಶಾಲೆ ಆದರೆ ಪಾಠ ಹೇಳಲು ಸರದಿಯ ಮೇಲೆ ಆ ಬೆಟ್ಟದ ರಸ್ತೆಯಲ್ಲಿ ಹೋಗಬೇಕಾದವರು ಅಧ್ಯಾಪಕರೇ ತಾನೆ? ಅಲ್ಲಿ ಬಿಸಿನೀರಿಲ್ಲ, ಮೊಬೈಲಿಗೆ ಸಿಗ್ನಲ್ಲಿಲ್ಲ, ಬಸ್ಸಿಗೆ ಗಾಜಿಲ್ಲ. ವೋಟಿನಲ್ಲಿ ಸೋಲುತ್ತೇನೆಂದು ಫುಲ್ಹೆನ್ಸಿಯೊಗೆ ಚೆನ್ನಾಗಿ ಗೊತ್ತಿತ್ತು. ಆದ್ದರಿಂದ ಅವನು ವೋಟಿನವರೆಗೆ ಹೋಗುತ್ತಲೇ ಇರಲಿಲ್ಲ. ಉಮಾಪಾಲ್ಕಾ ಎಂಬ ಹೆಸರು ಬಂದೊಡನೆ ಎದ್ದು, "ಒಂದ್ನಿಮಿಷ, ಮೂತ್ರಕ್ಕೆ ಹೋಗಿ ಬರ್ತೀನಿ" ಎನ್ನುತ್ತಿದ್ದ. ಅವನ ಹಿಂದೆಯೇ ಉಳಿದ ಡೀನ್‌ಗಳಿಗೂ ಅದೇ ಅವಸರ ಬರುತ್ತಿತ್ತು. ಕೋರಂ ಮುರಿಯುತ್ತಿತ್ತು. ಆಮೇಲೆ ಅವರು ಎದುರಿನ ಹೋಟೆಲಿನಲ್ಲಿ ಬಿಸಿಬಿಸಿ ಮೆಕ್ಕೆಜೋಳದ ಆಪಿ ಕುಡಿಯುತ್ತ ಸಿಗುತ್ತಿದ್ದರು.

ಒರ್ತೆನ್ಸಿಯಾ ನಿಟ್ಟುಸಿರಿಟ್ಟು ಬೀದಿಯ ಕಡೆ ತಿರುಗಿದಳು. ಸೇತುವೆಯ ಬಳಿ, ಮೆರವಣಿಗೆ ಹೊರಡುವ ಜಾಗದಲ್ಲಿ, ರಸ್ತೆಗೆ ಅಡ್ಡಲಾಗಿ ಒಂದು ಸುಣ್ಣದ ಗೆರೆ. ಗೆರೆಯ ಈಚೆ ಹಂಡೆಬಾಯಿಯ ಹಿತ್ತಾಳೆ ತೂಬಾ ಹೊತ್ತ ಗಡ್ಡದ ವಾದಕನೊಬ್ಬ ಬಾಟ್ಲಿ ಎತ್ತಿ ಗುಟುಕರಿಸುತ್ತಿದ್ದ; ಗೆರೆಯ ಆಚೆ ಪೊಲೀಸಪ್ಪನೊಬ್ಬ ಹಲ್ಲು ಕಡಿಯುತ್ತ ನಿಂತಿದ್ದ.

"ಬಾರಣ್ಣ, ಹಿಡಿ ನೋಡೋಣ!" ಎಂದು ತೂಬಾದವನು ಒಂದು ಕಾಲನ್ನು ಗೆರೆಯಾಚೆ ಚಾಚಿ, ಪೊಲೀಸಪ್ಪ ಕೈಹಾಕುವಷ್ಟರಲ್ಲಿ ಎಳೆದುಕೊಂಡ. ಸುತ್ತಲಿನವರು ಹೋ ಎಂದರು. ವರ್ಷ ವರ್ಷವೂ ನಡೆಯುವ ಆಟ. ವಿಶ್ವವಿದ್ಯಾಲಯದ ಆವರಣದೊಳಗೆ ಪೊಲೀಸರು ಕಾಲಿಡುವಂತಿಲ್ಲ...

ಒರ್ತೆನ್ಸಿಯಾಳ ಹೊಟ್ಟೆಯೊಳಗಿಂದ ನಗೆಯೊಂದು ಗುಳುಗುಳು ಎದ್ದು ಬಂತು. ಟೋಪಿ ಜಾರಿತು.

"ದೋನ್ ಪ್ಲಾಸಿದೊ, ಇವತ್ತು ವಿಶ್ವವಿದ್ಯಾಲಯ ಎಲ್ಲಿದೆ?"

ಪ್ಲಾಸಿದೊ ಸಾಲ್ತೆನ್ಯಾವನ್ನು ಬಾಯಿಂದ ಇಳಿಸಿ ಗಾಬರಿಯಿಂದ ನೋಡಿದ. "ಟೊಪ್ಪಿ ಬಿಗಿಯಾಯ್ತಾ, ಡಾಕ್ಟ್ರಮ್ಮ?"

"ಅಲ್ರೀ, ಹೇಳಿ. ಹಬ್ಬದ ದಿನ ವಿಶ್ವವಿದ್ಯಾಲಯದ ಆವರಣ ಅಂದ್ರೆ ಯಾವುದು? ಆ ಪೊಲೀಸಪ್ಪ ಯಾಕೆ ಗೆರೆ ದಾಟ್ತಿಲ್ಲ?"

ಪ್ಲಾಸಿದೊ ಗೆರೆಯನ್ನು ನೋಡಿದ. ಗಂಟೆಯನ್ನು ನೋಡಿದ. ಅವನ ಕೈಯಿಂದ ಉಳಿದ ಸಾಲ್ತೆನ್ಯಾ ಜಾರಿ ನಾಯಿಯ ಪಾಲಾಯಿತು. "ಅಯ್ಯೋ ತಾಯಿ!" ಎಂದ.

ಊರಿಗೆಲ್ಲ ಗೊತ್ತಿದ್ದ ಕಥೆ ಅದು. ಒರ್ತೆನ್ಸಿಯಾ ವಿದ್ಯಾರ್ಥಿನಿಯಾಗಿದ್ದಾಗ ಇದೇ ಹಬ್ಬದಲ್ಲಿ ಪೊಲೀಸರು ತೂಬಾ ಊದುತ್ತಿದ್ದ ಕಾನೂನು ವಿದ್ಯಾರ್ಥಿಯೊಬ್ಬನನ್ನು ತೂಬಾ ಸಮೇತ ಲಾಕಪ್ಪಿಗೆ ಹಾಕಿದ್ದರು. ಬಾಗಿಲು ಕಿರಿದು, ತೂಬಾ ಹಿರಿದು. ಒಳಗೆ ತುರುಕಲು ಪಟ್ಟ ಪಾಡನ್ನು ಜನ ಇನ್ನೂ ನಟಿಸಿ ತೋರಿಸುತ್ತಿದ್ದರು. ಹೊರಗೆ ಬಂದ ಹುಡುಗ ಕೆರಳಿ ಒಂದು ಠರಾವು ಬರೆದ: ಹಬ್ಬದ ದಿನ ಸೇತುವೆಯಿಂದ ಹಿಡಿದು ತಾಯಿಯ ಗುಡಿಯವರೆಗಿನ ಬೀದಿಯೆಲ್ಲ, ಗುಡಿಯ ಜಗಲಿಯೂ ಸೇರಿ, ಸಕಲ ವಿಷಯಗಳಲ್ಲಿಯೂ, ವಿಶ್ವವಿದ್ಯಾಲಯದ ಆವರಣವೇ ಆಗತಕ್ಕದ್ದು. ನಗರಸಭೆ ಮೂರು ಸಲ ಕೋರ್ಟಿಗೆ ಹೋಗಿ ಮೂರು ಸಲವೂ ಸೋತು ಬಂತು. ಅಷ್ಟು ಭದ್ರವಾಗಿತ್ತು ಬರವಣಿಗೆ. ಬರೆದ ಹುಡುಗನ ಹೆಸರು ಫುಲ್ಹೆನ್ಸಿಯೊ ಬಾರಿಯೆಂತೊಸ್. ಆವತ್ತು ಅದಕ್ಕೆ ಮೊದಲು ಕೈ ಎತ್ತಿದ ವಿದ್ಯಾರ್ಥಿ ಪ್ರತಿನಿಧಿ ಒರ್ತೆನ್ಸಿಯಾ.

"ಸಕಲ ವಿಷಯಗಳಲ್ಲಿಯೂ!" ಎಂದು ನಾಯ್ರಾ ಕುಣಿದಾಡಿದಳು. "ಆದ್ರೆ ಡೀನ್?"

"ಫುಲ್ಹೆನ್ಸಿಯೊ ಕುಣೀತಾ ಇದಾನಲ್ಲ," ಎಂದಳು ಒರ್ತೆನ್ಸಿಯಾ. "ಇವತ್ತು ಅವನು ಮೂತ್ರಕ್ಕೂ ಸಾಲು ಬಿಡೋ ಹಾಗಿಲ್ಲ."

ಅದೂ ಊರಿಗೆಲ್ಲ ಗೊತ್ತಿದ್ದದ್ದೇ. ಫುಲ್ಹೆನ್ಸಿಯೊಗೆ ಮೂತ್ರಪಿಂಡದಲ್ಲಿ ಕಲ್ಲಾಗಿ, ನೆಲದ ಮೇಲೆ ಹೊರಳಾಡಿ, "ತಾಯೀ, ಇದನ್ನ ಇಳಿಸು, ಮೂರು ವರ್ಷ ನಿನ್ನ ಮುಂದೆ ಕುಣೀತೀನಿ" ಎಂದು ಹರಕೆ ಹೊತ್ತಿದ್ದ. ತಾಯಿ ಇಳಿಸಿದಳು. ಇದು ಮೂರನೆಯ ವರ್ಷ. ಹರಕೆಯ ಕುಣಿತವನ್ನು ಸೇತುವೆಯಲ್ಲಿ ಹಿಡಿದರೆ ಗುಡಿಯ ಮೆಟ್ಟಿಲಲ್ಲೇ ಬಿಡಬೇಕು. ನಡುವೆ ಸಾಲು ಬಿಟ್ಟವನ ಮೂರು ವರ್ಷವೂ ನೀರುಪಾಲು. ಕಲ್ಲು ಮರಳಿ ಬಂದರೂ ಬಂತು.

ಒರ್ತೆನ್ಸಿಯಾ ಗಂಟೆಯನ್ನು ಕಸಿದುಕೊಂಡು, ಮೂರು ಲಂಗಗಳನ್ನೂ ಒಂದೇ ಮುಷ್ಟಿಯಲ್ಲಿ ಎತ್ತಿ ಹಿಡಿದು, ಸೇತುವೆಯ ಕಡೆ ಓಡಿದಳು. ಕಂಬದ ಮರೆಯಿಂದ ತಾಪಿಯಾ, "ಮೇಡಂ, ನನ್ನ ಬಸ್ಸು!" ಎಂದು ಕೂಗಿದ. ನಾಯ್ರಾ ಅವನ ರಟ್ಟೆ ಹಿಡಿದು ಎಳೆದುಕೊಂಡೇ ಓಡಿದಳು.

ಮೆರವಣಿಗೆ ಹೊರಟಿತು. ಹಿತ್ತಾಳೆ ವಾದ್ಯಗಳು ಒಮ್ಮೆಲೇ ಬಾಯಿ ಬಿಟ್ಟಾಗ ಬೆಟ್ಟದ ತೆಳುಗಾಳಿಯೇ ನಡುಗಿತು. ಡೋಲು ಗುಡುಗಿತು, ತಾಳ ಗಿಣಿಗಿಣಿಸಿತು, ಮೊರೆನಾದ ಎಂಬ ಕುಣಿತದವರು ಪೀಪಾಯಿಯಂಥ ಉಡುಪಿನಲ್ಲಿ ಅತ್ತ ತೂಗಿ ಇತ್ತ ತೂಗಿ ಬಂದರು. ಅವರ ಮುಖಕ್ಕೆ ಉಬ್ಬುಗಣ್ಣಿನ, ದಪ್ಪತುಟಿಯ ಮುಖವಾಡ. ಕೈಯಲ್ಲಿ ಮತ್ರಾಕ, ತಿರುಗಿಸಿದರೆ ಕರಕರ ಎನ್ನುವ ಗಿರಗಟ್ಟಲೆ. ಎಲ್ಲರ ಮುಂದೆ ಕುಲಪತಿ, ಲಂಗ ಬುಗುರಿಯ ಹಾಗೆ ಸುತ್ತಿಸುತ್ತ, ಗಂಟೆ ಬಾರಿಸುತ್ತ.

"ಪರಿಷತ್ತಿನ ಸಭೆ ಶುರುವಾಗಿದೆ!" ಎಂದು ಅವಳು ಕೂಗಿದಳು. "ಸದಸ್ಯರು ಸಾಲಿನ ಮುಂದಕ್ಕೆ ಬರಬೇಕು! ಕುಣಿತ ನಿಲ್ಲಿಸದೆ ಬರಬೇಕು!"

ಮೊದಲು ಜನ ನಕ್ಕರು. ನಾಯ್ರಾ ಸಾಲುಗಳ ನಡುವೆ ನುಗ್ಗಿ ಪ್ರತಿನಿಧಿಗಳನ್ನು ಒಬ್ಬೊಬ್ಬರಾಗಿ ಆರಿಸಿ ತಳ್ಳತೊಡಗಿದಾಗ, ಇದು ನಿಜವೆಂದು ತಿಳಿದು ಇನ್ನೂ ಜೋರಾಗಿ ನಕ್ಕರು. ಕೃಷಿ ವಿಭಾಗದ ಪ್ರತಿನಿಧಿ ಕಾಂಡೋರ್ ಹದ್ದಿನ ರೆಕ್ಕೆ ಬಡಿಯುತ್ತ ಬಂದ. ರಸಾಯನಶಾಸ್ತ್ರದ ಅಧ್ಯಾಪಕಿ ದೆವ್ವದ ಕೊಂಬು ಹೊತ್ತು ಬಂದಳು. ಇಬ್ಬರು ಕರಡಿಗಳು ಬಂದು ತಾವೂ ಪ್ರತಿನಿಧಿಗಳೆಂದರು. ತಲೆ ಕಳಚಿ ನೋಡಿದರೆ ಒಬ್ಬನು ಹೌದು, ಇನ್ನೊಬ್ಬ ಬೇಕರಿಯವನು. ಪ್ಲಾಸಿದೊ ಡೋಲಿನವನ ಬೆನ್ನ ಮೇಲೆ ಕಾಗದವಿಟ್ಟು, ಅವನು ಬಾಗಿದಾಗ ಬಾಗುತ್ತ ಅವನು ತಿರುಗಿದಾಗ ತಿರುಗುತ್ತ, ಹೆಸರು ಬರೆದುಕೊಂಡ. ಯಾರೋ ತಾಪಿಯಾನ ಕೈಗೆ ಮತ್ರಾಕ ಕೊಟ್ಟಿದ್ದರು. ಚೀಲ ಎದೆಗವಚಿಕೊಂಡೇ ಅವನು ಅದನ್ನು ಮೊದಲೊಮ್ಮೆ ಅನುಮಾನದಿಂದ ತಿರುಗಿಸಿದ, ಆಮೇಲೆ ಬಿಡಲಿಲ್ಲ.

ಮಾರುಕಟ್ಟೆಯ ತಿರುವಿನಲ್ಲಿ, ಮಹಡಿಯೊಂದರ ಬಾಲ್ಕನಿಯಲ್ಲಿ ಉಳಿದ ಡೀನ್‌ಗಳೆಲ್ಲ ಸಾಲಾಗಿ ಕೂತು ಬಿಯರು ಹೀರುತ್ತಿದ್ದರು.

"ಇಳಿದು ಬನ್ರೀ, ಸಭೆ ನಡೀತಿದೆ!" ಎಂದು ಒರ್ತೆನ್ಸಿಯಾ ಗಂಟೆಯೆತ್ತಿ ಕರೆದಳು.

"ಬಾಲ್ಕನಿ ಬೀದಿಯಲ್ಲ, ಡಾಕ್ಟ್ರಮ್ಮ!" ಎಂದು ಮೇಲಿಂದ ವಾಸ್ತುಶಿಲ್ಪದ ಡೀನ್ ಕೂಗಿದ. "ಠರಾವಿನಲ್ಲಿ ಬೀದಿ, ಜಗಲಿ ಅಂತ ಮಾತ್ರ ಇದೆ! ನಿಮ್ಮ ಕುಣಿತ ಚೆನ್ನಾಗಿದೆ!"

"ನಿಮ್ಮ ಹೊಟ್ಟೆನೂ ಚೆನ್ನಾಗಿದೆ, ಬಾಲ್ಕನಿ ದಾಟಿ ಬೀದಿಗೇ ಬಂದಿದೆ! ಅಷ್ಟನ್ನಾದ್ರೂ ಹಾಜರಿ ಹಾಕ್ಲಾ?" ಎಂದಳು ನಾಯ್ರಾ. ಬೀದಿಯೆಲ್ಲ ಗೊಳ್ಳೆಂದಿತು, ಡೀನ್ ಹೊಟ್ಟೆಯನ್ನು ಒಳಗೆಳೆದುಕೊಂಡ.

ಈಗ ಅರ್ಧಕ್ಕಿಂತ ಹೆಚ್ಚು ಮಂದಿ ಸೇರಿದ್ದರು. ಬೇಕಿದ್ದುದು ಒಬ್ಬ ಡೀನ್, ಅವನು ಎಲ್ಲೋ ಮುಖವಾಡಗಳ ನಡುವೆ ಇದ್ದ. ಅಧ್ಯಾಪಕರ ಮೊರೆನಾದ ಸಾಲಿನಲ್ಲಿ ಎಲ್ಲರದೂ ಒಂದೇ ಉಬ್ಬುಗಣ್ಣು, ಒಂದೇ ಚಾಚಿದ ನಾಲಿಗೆ. ಒರ್ತೆನ್ಸಿಯಾ ಕುಣಿಯುತ್ತಲೇ ಹಿಂದಕ್ಕೆ ಸರಿದು ಒಂದೊಂದು ಪೀಪಾಯಿಯ ಪಕ್ಕದಲ್ಲೂ ಗಂಟೆ ಬಾರಿಸಿದಳು. ಒಂದು ಪೀಪಾಯಿ ಮಾತ್ರ ಗಂಟೆಯ ಸದ್ದಿಗೆ ತಾಳ ತಪ್ಪಿತು.

"ಫುಲ್ಹೆನ್ಸಿಯೊ?"

ಮುಖವಾಡದೊಳಗಿಂದ ಕೀರಲು ದನಿಯೊಂದು ಬಂತು. "ನಾನು ಅವರ ಅಕ್ಕನ ಮಗ. ಮಾವ ಊರಲ್ಲಿಲ್ಲ."

ಪ್ಲಾಸಿದೊ ಒರ್ತೆನ್ಸಿಯಾಳ ಕಿವಿಗೆ ಬಾಗಿದ. "ಅವನೇ, ಡಾಕ್ಟ್ರಮ್ಮ. ಬೂಟು ನೋಡಿ, ಒಂದು ಹಿಮ್ಮಡಿ ಎತ್ತರ, ಅವನ ಗಿಡ್ಡ ಕಾಲಿಗೆ ಹೊಲಿಸಿದ್ದು. ಹಾಜರು ಅಂತ ಬರೆದುಬಿಡ್ಲಾ?"

ಒರ್ತೆನ್ಸಿಯಾ ಪಶ್ಚಿಮದ ಕಡೆ ನೋಡಿದಳು. ಸೂರ್ಯ ಬೆಟ್ಟದ ಭುಜಕ್ಕೆ ಇಳಿದಿದ್ದ. ಬರೆ ಎನ್ನಲು ಬಾಯಿ ತೆರೆದೂ ಬಿಟ್ಟಿದ್ದಳು. "ಬೇಡ," ಎಂದಳು. "ಬೂಟಿನ ಕೋರಂ ನಾಳೆ ಕೋರ್ಟಲ್ಲಿ ನಿಲ್ಲಲ್ಲ. ಅವನ ಬಾಯಿಂದಲೇ ಬರಬೇಕು." ಆಮೇಲೆ ಮುಖವಾಡದ ಪಕ್ಕದಲ್ಲೇ ಹೆಜ್ಜೆ ಹಾಕುತ್ತ, ಬಹಳ ಸಮಾಧಾನದಿಂದ ಕೇಳಿದಳು: "ಅಳಿಯಂದಿರೇ, ಹಾಗಾದ್ರೆ ಮಾವನ ಹರಕೆ ಯಾರು ತೀರಿಸ್ತಿದಾರೆ?"

ಮತ್ರಾಕದ ಸದ್ದು ನಿಂತಿತು.

"ತಾಯಿ ಮುಂದೆ ಮಾವ ಬರಲಿಲ್ಲ ಅಂತಾಯ್ತು. ಮೂರನೇ ವರ್ಷ. ಪಾಪ, ಕಲ್ಲು ದೊಡ್ಡದಿತ್ತಂತೆ."

"ಗೋಡಂಬಿಯಷ್ಟು," ಎಂದಿತು ಮುಖವಾಡ, ತನ್ನ ನಿಜವಾದ ದಪ್ಪ ದನಿಯಲ್ಲಿ. ಮರುಕ್ಷಣ ನಾಲಿಗೆ ಕಚ್ಚಿಕೊಂಡು ಮತ್ತೆ ಕೀರಲಾಯಿತು: "ಅಂತ ಮಾವ ಹೇಳ್ತಿದ್ರು."

"ಸರಿ ಬಿಡಿ, ಅಳಿಯಂದಿರೇ. ಗುಡಿ ಮೆಟ್ಟಿಲು ಹತ್ತಿರ ಬಂತು. ಅಲ್ಲಿ ತಾಯಿಗೇ ಹೇಳಿ, ನೀವು ಯಾರು ಅಂತ."

ಗುಡಿಯ ಜಗಲಿಯ ಕಲ್ಲುಮೆಟ್ಟಿಲನ್ನು ಕುಣಿತದವರು ಮೊಣಕಾಲಲ್ಲಿ ಹತ್ತುತ್ತಾರೆ. ಕೊನೆಯ ಮೆಟ್ಟಿಲಲ್ಲಿ ಪ್ರತಿಯೊಬ್ಬನೂ ಮುಖವಾಡ ಎತ್ತಿ ತಾಯಿಗೆ ತನ್ನ ಮುಖ ತೋರಿಸಬೇಕು. ಮುಖವಾಡದೊಳಗೇ ಉಳಿದವನ ಹರಕೆಯನ್ನು ತಾಯಿ ಯಾರ ಲೆಕ್ಕಕ್ಕೂ ಹಾಕುವುದಿಲ್ಲ. ಬಾಗಿಲೊಳಗೆ ಮೇಣದ ದೀಪಗಳ ಹೊಂಬೆಳಕಿನಲ್ಲಿ ಕಾರ್ಮೆನ್ ತಾಯಿ, ಮಗುವನ್ನೆತ್ತಿಕೊಂಡು, ಇಷ್ಟು ಗದ್ದಲವೆಲ್ಲ ತನಗೆ ಅಭ್ಯಾಸವೇ ಎಂಬ ಮುಖದಲ್ಲಿ ನಿಂತಿದ್ದಳು. ಬ್ಯಾಂಡು ಕೂಡ ಅಲ್ಲಿ ಮೆಲ್ಲನೆಯ ಸ್ವರಕ್ಕೆ ಇಳಿಯಿತು.

ಒರ್ತೆನ್ಸಿಯಾ ಮೊಣಕಾಲೂರಿ ಟೋಪಿ ತೆಗೆದಳು. ಏನನ್ನೂ ಬೇಡಬೇಕೆನ್ನಿಸಲಿಲ್ಲ. 'ಲಾರಿಯಲ್ಲಿ ಹುಟ್ಟಿದವಳು ಬಂದಿದ್ದೀನಿ, ನೋಡು' ಎಂದಷ್ಟೇ ಮನಸ್ಸಿನಲ್ಲಿ ಅಂದುಕೊಂಡಳು.

ಅವಳ ಪಕ್ಕಕ್ಕೆ ಎತ್ತರದ ಹಿಮ್ಮಡಿಯ ಬೂಟಿನವನು ಮೊಣಕಾಲಲ್ಲೇ ತೆವಳಿ ಬಂದ. ಪೀಪಾಯಿಯೊಳಗಿಂದ ದೊಡ್ಡ ಉಸಿರಾಟ. ಮುಖವಾಡ ಅತ್ತ ತಿರುಗಿತು, ಇತ್ತ ತಿರುಗಿತು. ಹಿಂದೆ ಕಾಂಡೋರ್ ಹದ್ದು, ಕೊಂಬಿನ ದೆವ್ವ, ತಲೆಯಿಲ್ಲದ ಕರಡಿ, ಎಲ್ಲರೂ ಕತ್ತು ಚಾಚಿ ನೋಡುತ್ತಿದ್ದರು. ಕೊನೆಗೆ ಎರಡು ಕೈಗಳು ಮೇಲೆದ್ದು ಮುಖವಾಡವನ್ನು ಎತ್ತಿದವು. ಒಳಗೆ ಬೆಂದ ಬೀಟ್‌ರೂಟಿನಂತೆ ಕೆಂಪಾದ ಫುಲ್ಹೆನ್ಸಿಯೊ, ಮೀಸೆಯಿಂದ ಬೆವರು ತೊಟ್ಟಿಕ್ಕುತ್ತಿತ್ತು.

"ಇದೀನಮ್ಮ," ಎಂದ ತಾಯಿಗೆ. ಆಮೇಲೆ ತಿರುಗದೆಯೇ ಪಕ್ಕದವಳಿಗೆ, "ಇದೀನಿ, ಬರ್ಕೊ. ನೀನು ಮನುಷ್ಯಳಲ್ಲ ಒರ್ತೆನ್ಸಿಯಾ, ನೀನು ಜಿಗಣೆ."

"ಹಾಜರು!" ಎಂದು ಪ್ಲಾಸಿದೊ ಡೋಲಿನ ಮೇಲೆ ಗುದ್ದಿದ. ಡೋಲಿನವನು ಅದನ್ನೇ ಸನ್ನೆಯೆಂದು ತಿಳಿದು ಢಮಢಮ ಬಾರಿಸಿದ. ಗುಡಿಯ ಗಂಟೆಗಳೂ ಯಾಕೋ ಆಗಲೇ ಮೊಳಗಿದವು.

"ಉಮಾಪಾಲ್ಕಾ ಶಾಲೆಗೆ ಒಪ್ಪೋರು ಮತ್ರಾಕ ತಿರುಗಿಸಿ!" ಎಂದಳು ಒರ್ತೆನ್ಸಿಯಾ. ಅದು ತಪ್ಪಾಯಿತು. ಜಗಲಿಯ ಮೇಲಿದ್ದವರೆಲ್ಲ ತಿರುಗಿಸಿದರು. ಸದಸ್ಯರು, ಸದಸ್ಯರಲ್ಲದವರು, ಬೇಕರಿಯ ಕರಡಿ, ಕಡಲೆಕಾಯಿ ಮಾರುವ ಅಜ್ಜಿ, ಎಲ್ಲರಿಗಿಂತ ಜೋರಾಗಿ ಆರೋಗ್ಯ ಇಲಾಖೆಯ ಎದ್ಮುಂದೊ ತಾಪಿಯಾ. "ನೀವು ಸದಸ್ಯರಲ್ಲ ಕಣ್ರೀ!" ಎಂದು ಪ್ಲಾಸಿದೊ ಅವನ ಕೈ ಹಿಡಿದ. "ಗೊತ್ತು, ನಿಲ್ತಾ ಇಲ್ಲ!" ಎಂದ ತಾಪಿಯಾ. ಕಡೆಗೆ ಸದಸ್ಯರನ್ನು ಒಂದೇ ಮೆಟ್ಟಿಲ ಮೇಲೆ ನಿಲ್ಲಿಸಿ, ಕೈ ಎತ್ತಿಸಿ ಎಣಿಸಬೇಕಾಯಿತು. ಸೂಲಗಿತ್ತಿಯರ ಶಾಲೆ ಮಂಜೂರಾಯಿತು. ಅದೇ ಉಸಿರಿನಲ್ಲಿ ಕಡಲೆಕಾಯಿ ಸಾರೂ ಮಂಜೂರಾಯಿತು. ಶಾಲೆಗೆ ಎದುರಾಗಿ ಒಂದೇ ಕೈ ಎದ್ದಿತು, ಫುಲ್ಹೆನ್ಸಿಯೊನದು. ಸಾರಿಗೆ ಅವನೂ ಒಪ್ಪಿದ್ದ.

ಪ್ಲಾಸಿದೊ ಠರಾವನ್ನು ಬರೆದು ಮುಗಿಸಿ, ಅಂಗಿಯ ಒಳಜೇಬಿನಿಂದ ಮೊಹರು ತೆಗೆದ. ಕಟ್ಟಡ ಹಿಡಿಯುವ ಸುಳಿವು ಸಿಕ್ಕಾಗಲೆಲ್ಲ ಅವನು ಮೊದಲು ಮೊಹರನ್ನು, ಆಮೇಲೆ ಬುತ್ತಿಯನ್ನು ಜೇಬಿಗಿಳಿಸುತ್ತಿದ್ದ. "ಹಾಜರಿದ್ದ ಡೀನ್ ಸಹಿ ಹಾಕಬೇಕು," ಎಂದು ಕಾಗದವನ್ನು ಫುಲ್ಹೆನ್ಸಿಯೊನ ಮುಂದೆ ಹಿಡಿದ.

ಫುಲ್ಹೆನ್ಸಿಯೊ ಲೇಖನಿ ತೆಗೆದುಕೊಂಡು, ವಕೀಲನ ಚಾಳಿ ಬಿಡದೆ, ಓದತೊಡಗಿದ. ಅರ್ಧದಲ್ಲಿ ಅವನ ಕಣ್ಣು ಒಂದು ಸಾಲಿನ ಮೇಲೆ ನಿಂತಿತು. ಒದ್ದೆ ಮೀಸೆಯಡಿಯಲ್ಲಿ ನಗೆಯೊಂದು ಮೆಲ್ಲಗೆ ಅರಳಿತು.

ಆ ನಗೆಯನ್ನು ಒರ್ತೆನ್ಸಿಯಾ ಬಲ್ಲಳು. ಮೂತ್ರಕ್ಕೆ ಏಳುವ ಮುಂಚಿನ ನಗೆ ಅದು. ಕಾಗದದಲ್ಲಿ ಏನೋ ಹುಳುಕಿತ್ತು, ನಾಳೆ ಕೋರ್ಟಿನಲ್ಲಿ ಇಡೀ ಠರಾವನ್ನು ಉದುರಿಸುವಂಥದ್ದು. ಅವನು ಅದನ್ನು ಹಾಗೇ ಬಿಟ್ಟು ಸುಮ್ಮನೆ ಸಹಿ ಹಾಕಿ ಮನೆಗೆ ಹೋದರೆ ಸಾಕಿತ್ತು, ಶಾಲೆ ಬಿದ್ದಂತೆಯೇ. ಅವಳು ಬಾಗಿಲೊಳಗಿನ ತಾಯಿಯ ಕಡೆ ಒಮ್ಮೆ ನೋಡಿದಳು.

ಅವನೂ ನೋಡಿದ. ನಗೆ ಸ್ವಲ್ಪ ಹೊತ್ತು ಮೀಸೆಯಲ್ಲೇ ತೂಗಿತು. ಆಮೇಲೆ ಅವನು ಕಾಗದವನ್ನು ಇನ್ನೊಮ್ಮೆ ಓದಿ, ಬಾಯಿಗೆ ಕಹಿ ಬಂದವನಂತೆ ಮುಖ ಕಿವುಚಿದ.

"ಛೆ! ಏನ್ರೀ ಬರವಣಿಗೆ ಇದು, ಪ್ಲಾಸಿದೊ? 'ಎಂದಿನಂತೆ ಪರಿಷತ್ ಸಭಾಂಗಣದಲ್ಲಿ ಸೇರಿದ ಸಭೆಯು' ಅಂತ ಬರೆದಿದೀರಲ್ಲ? ಇದೇನು ಸಭಾಂಗಣನಾ?"

ಪ್ಲಾಸಿದೊ ಕಾಗದ ನೋಡಿ ಬಿಳಿಚಿಕೊಂಡ. ಇಷ್ಟು ವರ್ಷ ಬರೆದ ಕೈ, ತಾನಾಗಿಯೇ ಬರೆದುಬಿಟ್ಟಿತ್ತು. "ಅಭ್ಯಾಸಬಲ..." ಎಂದ.

"ಅಭ್ಯಾಸಬಲ! ಬೀಗ ಹಾಕಿದ ಸಭಾಂಗಣದಲ್ಲಿ ಸಭೆ ಹೇಗ್ರೀ ಆಯ್ತು, ಗೋಡೆಯೊಳಗೆ ನುಗ್ಗಿದ್ರಾ ಅಂತ ಜಡ್ಜು ಒಂದು ಮಾತು ಕೇಳಿದ್ರೆ ನಿಮ್ಮ ಶಾಲೆ ಗೋತಾ. ನನ್ನ ಠರಾವನ್ನ ಉಪಯೋಗಿಸ್ಕೊಂಡು ಇಂಥ ಕೊಳಕು ಕೆಲಸ! ನನ್ನ ಹೆಸರು ಕೆಡಿಸೋಕಾ?" ಅವನು ಡೋಲಿನ ಮೇಲೆ ಕಾಗದ ಹರಡಿ, ಆ ಸಾಲನ್ನು ಹೊಡೆದುಹಾಕಿ, ಪೀಪಾಯಿ ಹೊಟ್ಟೆ ಅಡ್ಡ ಬಂದದ್ದರಿಂದ ಪಕ್ಕಕ್ಕೆ ಬಾಗಿ ಬರೆದ: ಹಬ್ಬದ ದಿನದ ಮಟ್ಟಿಗೆ ಸಕಲ ವಿಷಯಗಳಲ್ಲಿಯೂ ವಿಶ್ವವಿದ್ಯಾಲಯದ ಆವರಣವೇ ಆಗಿರುವ ತಾಯಿಯ ಗುಡಿಯ ಜಗಲಿಯ ಮೇಲೆ. ಬರೆದು, ತಲೆ ಹಿಂದಕ್ಕೆಳೆದು, ಮಗುವಿನ ಮುಖ ನೋಡುವಂತೆ ನೋಡಿದ. "ಈಗ ಸರಿ. ಈಗ ಯಾವನಿಗೂ ಅಲ್ಲಾಡಿಸೋಕಾಗಲ್ಲ. ನನಗೂ ಆಗಲ್ಲ." ಸಹಿ ಹಾಕಿದ. "ಆದ್ರೆ ನಾನು ವಿರೋಧಿಸ್ದೆ ಅಂತ ದಪ್ಪ ಅಕ್ಷರದಲ್ಲಿ ಹಾಕಿ."

ಒರ್ತೆನ್ಸಿಯಾ ತನ್ನ ಟೋಪಿಯನ್ನು ಅವನ ಬೆವರುತಲೆಯ ಮೇಲೆ ಇಟ್ಟಳು. ಅದು ಅವನಿಗೆ ಸರಿಯಾಗಿ ಕೂತಿತು.

ಮೊಹರು ಬಿತ್ತು. ಬೆಟ್ಟದ ಹಿಂದೆ ಸೂರ್ಯನ ಕೊನೆಯ ಚೂರು ಇನ್ನೂ ಹೊಳೆಯುತ್ತಿತ್ತು. ತಾಪಿಯಾ ಕಾಗದವನ್ನು ಚೀಲಕ್ಕಿಳಿಸಿ, ಗುಂಡಿ ಹಾಕಿ, ನೆಮ್ಮದಿಯ ಉಸಿರು ಬಿಟ್ಟ.

"ನಿಮ್ಮ ಬಸ್ಸಿಗೆ ಹೊತ್ತಾಯ್ತು," ಎಂದು ಪ್ಲಾಸಿದೊ ನೆನಪಿಸಿದ.

"ಮೆರವಣಿಗೆ ದಾಟೋವರೆಗೆ ಬಸ್ಸು ಎಲ್ಲಿಗೆ ಹೋಗುತ್ತೆ?" ಎಂದ ತಾಪಿಯಾ ಮತ್ರಾಕ ತಿರುಗಿಸುತ್ತ. "ಡ್ರೈವರು ಆಗಲೇ ಕೆಳಗಡೆ ಕರಡಿ ಜೊತೆ ಕುಣೀತಿದಾನೆ."

ಫುಲ್ಹೆನ್ಸಿಯೊ ಮೆಟ್ಟಿಲ ಮೇಲೆ ಕುಕ್ಕರಿಸಿ ಬೂಟು ಕಳಚತೊಡಗಿದ್ದ. "ಮೂರು ವರ್ಷ ಮುಗೀತು. ಇನ್ನು ಯಾರಪ್ಪ ಬಂದ್ರೂ ನನ್ನನ್ನ ಕುಣಿಸೋಕಾಗಲ್ಲ. ಮುಂದಿನ ವರ್ಷ ನಾನೂ ಬಾಲ್ಕನಿ."

"ಹಾಗನ್ಬೇಡಿ ಡಾಕ್ಟ್ರೇ," ಎಂದಳು ನಾಯ್ರಾ, ಅವನ ಪಕ್ಕದಲ್ಲಿ ಕೂತು. "ನಿಮಗೆ ಇನ್ನೊಂದು ಕಿಡ್ನಿ ಇದೆಯಲ್ಲ."

ಅವನು ಬೂಟು ಎತ್ತಿ ಬೀಸಿದ. ಅವಳು ತಪ್ಪಿಸಿಕೊಂಡು ಮೆಟ್ಟಿಲಿಳಿದು ಓಡಿದಳು. ಮುಂದಿನ ವಿಭಾಗದ ಬ್ಯಾಂಡು ಆಗಲೇ ತಿರುವಿನಲ್ಲಿ ಗರ್ಜಿಸುತ್ತಿತ್ತು. ಜಾಗ ಬಿಡಿ, ಜಾಗ ಬಿಡಿ ಎಂದು ಜನ ನೂಕುತ್ತಿದ್ದರು. ಒರ್ತೆನ್ಸಿಯಾ ಬರಿತಲೆಯಲ್ಲಿ, ಲಂಗ ಸುತ್ತಿಸುತ್ತ, ನಿಲ್ಲಿಸಬೇಕೆಂದರೂ ನಿಲ್ಲದ ಕಾಲುಗಳಲ್ಲಿ ಕೆಳಗಿಳಿದಳು. ಮೂರನೆಯ ಮೆಟ್ಟಿಲಲ್ಲಿ ಏನೋ ಕಾಲಿಗೆ ತೊಡರಿತು. ನೋಡಿದರೆ ಕೆಂಚು ನಾಯಿ. ಅದೂ ಕಾವಲು ಬಿಟ್ಟು, ಸಾಲ್ತೆನ್ಯಾ ಕೊಟ್ಟ ಕೈಯನ್ನು ಹುಡುಕುತ್ತ ಮೆರವಣಿಗೆಯ ಹಿಂದೆ ಬಂದಿತ್ತು.

ಅತ್ತ ವಿಶ್ವವಿದ್ಯಾಲಯದ ದೊಡ್ಡ ಬಾಗಿಲಲ್ಲಿ ಬೀಗ ಬಿದ್ದೇ ಇತ್ತು. ಒಳಗೆ ಹೋಗಬೇಕಾದ ಅವಸರ ಯಾರಿಗೂ ಇರಲಿಲ್ಲ.